ಚೀನಾದವನಿಗೆ ಕಟ್ಟಿಸಿದ ಸಂಡಾಸ

ನಮ್ಮ ಮಗ್ಗುಲಲ್ಲಿ ಯಾರೋ ಹೊಸ ಮನೆ ಕಟ್ಟಿಸುತ್ತಿದ್ದಾರೆ. ಮುಂಜಾನೆ ಅಡುಗೆಮನೆಯ ಕಿಟಕಿ ತೆರೆದರೆ ಸಾಕು, ಹಸಿ ಸಿಮೆಂಟಿನ ವಾಸನೆ ಒಳಗೆ ನುಗ್ಗುತ್ತದೆ. ಬೇರೆಯವರಿಗೆ ಆ ವಾಸನೆಯಿಂದ ಏನು ನೆನಪಾಗುತ್ತದೋ ಗೊತ್ತಿಲ್ಲ, ನನಗೆ ಮಾತ್ರ ಅಂತರರಾಷ್ಟ್ರೀಯ ರಾಜಕಾರಣ ನೆನಪಾಗುತ್ತದೆ. ಒಗ್ಗರಣೆ ಸೌಟು ಹಿಡಿದುಕೊಂಡು ಒಬ್ಬಳೇ ನಗುತ್ತ ನಿಂತುಬಿಡುತ್ತೇನೆ. ನಮ್ಮ ಮನೆಯವರು ಯಾಕೆ ಎಂದು ಕೇಳುವುದಿಲ್ಲ. ಅವರಿಗೆ ಗೊತ್ತು. ನಿಮಗೆ ಗೊತ್ತಿಲ್ಲವಾದ್ದರಿಂದ ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ನಾನು ನರಗುಂದದವಳು, ಗುಡ್ಡದ ಬುಡದ ಓಣಿಯವಳು. ಅಪ್ಪ ದಲಾಲಿ ಅಂಗಡಿಯಲ್ಲಿ ಕಾಳು ತೂಗಿಸುವ ಕೆಲಸ ಮಾಡುತ್ತಿದ್ದ. ನಮ್ಮ ಹಿತ್ತಲಿನಲ್ಲಿ ಒಂದು ಸಂಡಾಸ ಇತ್ತು. ತಗಡಿನ ಬಾಗಿಲು, ಮಳೆ ಬಂದರೆ ಸೋರುವ ಮಾಡು. ಅದನ್ನು ನಾವು ಯಾರೂ ಆಸ್ತಿ ಎಂದು ತಿಳಿದಿರಲಿಲ್ಲ. ನನ್ನ ಲಗ್ನದ ಮಾತುಕತೆಯಲ್ಲಿ ಹಿರಿಯರು ಹೊಲ ಎಷ್ಟು, ಹುಡುಗನಿಗೆ ಚಟ ಏನಾದರೂ ಉಂಟೋ, ಬಾವಿ ನೀರು ಸಿಹಿಯೋ ಸವಳೋ ಎಂದು ಎಲ್ಲವನ್ನೂ ಕೇಳಿದರು. ಇದೊಂದನ್ನು ಕೇಳಲಿಲ್ಲ. ನಾನಾದರೂ ಕೇಳಬಹುದಿತ್ತು. ಆದರೆ ಇಂಗ್ಲಿಷ್ ಬಿ.ಎ. ಮಾಡಿದ ಹುಡುಗಿ, ಬೀಗರ ಮುಂದೆ ಅವಲಕ್ಕಿ ತಟ್ಟೆ ಹಿಡಿದುಕೊಂಡು ಬಾಯಿ ತೆಗೆದು ಕೇಳುವ ಮೊದಲ ಪ್ರಶ್ನೆ ಅದಾಗಬೇಕೆ? ಮರ್ಯಾದೆಯಿಂದ ಸುಮ್ಮನಿದ್ದೆ. ಆ ಮರ್ಯಾದೆಗೆ ತಕ್ಕ ಫಲ ಗಂಡನ ಊರು ಮುಶಿಗೇರಿಗೆ ಬಂದ ಮೊದಲ ಸಂಜೆಯೇ ಸಿಕ್ಕಿತು.

ಅತ್ತೆ ನೀಲವ್ವ ನನ್ನ ಕೈಗೆ ಒಂದು ಚರಿಗೆ ನೀರು ಕೊಟ್ಟು, "ಬಾ ಯವ್ವಾ, ಹೊತ್ತು ಮುಣಗಿತು. ಲಗೂ ಹೋಗಿ ಬರೂಣು" ಅಂದರು.

ಊರ ಹೊರಗೆ ರಸ್ತೆಯ ಪಕ್ಕದ ಜಾಲಿಕಂಟಿಗಳ ಸಾಲು ಹೆಣ್ಣುಮಕ್ಕಳ ಪಾಲಿನದು. ಕತ್ತಲಾಗುವ ತನಕ ಕಾಯಬೇಕು, ಇಲ್ಲವೇ ನಸುಕಿನಲ್ಲೇ ಎದ್ದು ಹೋಗಬೇಕು. ನಡುವಿನ ಇಡೀ ಹಗಲು ನಮ್ಮದಲ್ಲ. ರಸ್ತೆಯಲ್ಲಿ ಮೋಟರ್ ಸೈಕಲ್ಲಿನ ದೀಪ ಕಂಡರೆ ಕೂತವರೆಲ್ಲ ಒಮ್ಮೆಲೇ ಎದ್ದು ನಿಲ್ಲಬೇಕು. ಹನ್ನೊಂದು ಜನ ಹೆಣ್ಣುಮಕ್ಕಳು ಸಾಲಾಗಿ, ರಾಷ್ಟ್ರಗೀತೆ ಶುರುವಾದ ಹಾಗೆ, ನೆಟ್ಟಗೆ ನಿಲ್ಲುತ್ತಿದ್ದೆವು. ಗಾಡಿಯ ಮೇಲಿದ್ದವನು ಬಾಡಿಗೆ ಟ್ರ್ಯಾಕ್ಟರಿನ ಡ್ರೈವರನಾಗಿದ್ದರೂ ಅವನಿಗೆ ಮಂತ್ರಿಯ ಗೌರವ ಸಲ್ಲುತ್ತಿತ್ತು. ನೀಲವ್ವನಿಗೆ ಮೊಣಕಾಲು ನೋವು. ಪ್ರತಿ ದೀಪಕ್ಕೂ ಅವರು ನನ್ನ ಭುಜ ಹಿಡಿದು ಏಳಬೇಕು, ನನ್ನ ಭುಜ ಹಿಡಿದು ಕೂಡಬೇಕು. ಸಂತೆಯ ದಿನ ಗಾಡಿಗಳು ಹೆಚ್ಚು. ಅಂದು ಅವರು ಏಳುವುದು ಕೂಡುವುದರಲ್ಲೇ ಸುಸ್ತಾಗಿ, ಬಂದ ಕೆಲಸವನ್ನು ಬಿಟ್ಟು ಹಾಗೇ ತಿರುಗುತ್ತಿದ್ದರು.

ಅವರು ಹಗಲಲ್ಲಿ ನೀರು ಕುಡಿಯುತ್ತಿರಲಿಲ್ಲ ಎಂಬುದು ನನಗೆ ಗೊತ್ತಾಗಲು ಮೂರು ತಿಂಗಳು ಬೇಕಾಯಿತು. ಊಟವಾದ ಮೇಲೆ ತುಟಿ ತೊಯಿಸಿಕೊಂಡು ತಂಬಿಗೆ ಕೆಳಗಿಡುತ್ತಿದ್ದರು. ಉರಿಮೂತ್ರ ಎಂದು ರೋಣದ ದವಾಖಾನೆಗೆ ನಾನೇ ಎರಡು ಸಲ ಕರೆದುಕೊಂಡು ಹೋದೆ. ಡಾಕ್ಟರು, "ನೀರು ಭಾಳ ಕುಡೀಬೇಕು ಅಮ್ಮಾರ" ಅಂದರು. ನೀಲವ್ವ ಗೋಣು ಹಾಕಿದರು. ಹೊರಗೆ ಬಂದು ನನಗೆ, "ಕುಡಿಯಾಕೇನು ಕುಡೀತೀನಿ, ಹೋಗೂದು ಎಲ್ಲಿಗೆ ಅನ್ನೂದು ಆ ಪುಣ್ಯಾತ್ಮ ಹೇಳಲಿಲ್ಲ" ಅಂದರು.

ಇನ್ನು ಮಾವ. ಗುರುಸಿದ್ದಪ್ಪ ಮಾಸ್ತರು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು, ಮುಶಿಗೇರಿಯ ಮಟ್ಟಿಗೆ ವಿದೇಶಾಂಗ ಮಂತ್ರಿಗಳು. ಪಡಸಾಲೆಯ ಗೋಡೆಯ ಮೇಲೆ ಒಂದು ಜಗತ್ತಿನ ನಕಾಶೆ, ಅದರ ಕೆಳಗೆ ರೇಡಿಯೋ. ಮಧ್ಯಾಹ್ನ ಉಂಡು, ಮನೆಯ ಮುಂದಿನ ಕಟ್ಟೆಯ ಮೇಲೆ ಐದಾರು ಜನ ಗೆಳೆಯರನ್ನು ಕೂಡಿಸಿಕೊಂಡು ಜಗತ್ತನ್ನು ದಾರಿಗೆ ತರುತ್ತಿದ್ದರು. ಅವರ ಪ್ರಕಾರ ಅಮೆರಿಕಾಕ್ಕೆ ರೊಕ್ಕ ಇತ್ತು, ತಲೆ ಇರಲಿಲ್ಲ. ಪಾಕಿಸ್ತಾನ ಪಾಲು ತೆಗೆದುಕೊಂಡು ಹೋದ ಮೇಲೂ ಬದುವಿನ ಜಗಳ ಬಿಡದ ತಮ್ಮ. ರಷ್ಯಾ ಮುಪ್ಪಾದ ಸೋದರಮಾವ. ಆದರೆ ಚೀನಾ ಎಂದರೆ ಅವರ ಸ್ವಂತ ವೈರಿ. ಅರವತ್ತೆರಡರ ಯುದ್ಧದ ಹೊತ್ತಿಗೆ ಅವರು ಹೈಸ್ಕೂಲು ಹುಡುಗ. ಚಹಾ ಮೂಲತಃ ಚೀನಾದ್ದು ಎಂದು ಯಾರೋ ಹೇಳಿದ್ದಕ್ಕೆ ಒಂದು ತಿಂಗಳು ಚಹಾ ಬಿಟ್ಟಿದ್ದರಂತೆ. ಆಮೇಲೆ ತಲೆನೋವು ತಾಳಲಾರದೆ, ಬೆಲ್ಲದ ಚಹಾ ಭಾರತದ್ದು ಎಂದು ತೀರ್ಮಾನಿಸಿಕೊಂಡರು.

ನಾನು ಹೇಳುತ್ತಿರುವುದು ಎರಡು ಸಾವಿರದ ಎಂಟನೆಯ ಇಸವಿಯ ಮಾತು. ದೇಶ ಇನ್ನೇನು ಸೂಪರ್ ಪವರ್ ಆಗಿಯೇಬಿಡುತ್ತದೆ ಎಂದು ಪೇಪರಿನವರು ಬರೆಯುತ್ತಿದ್ದ ಕಾಲ. ಆ ವರ್ಷ ಚೀನಾದಲ್ಲೇ ಒಲಿಂಪಿಕ್ಸ್ ನಡೆಯಿತು. ನಮಗೊಂದು ಬಂಗಾರದ ಪದಕ ಬಂದ ದಿನ ಮಾವ ಕಟ್ಟೆಯ ಮೇಲೆ ಪೇಡೆ ಹಂಚಿದರು. ಚೀನಾದವರಿಗೆ ಎಷ್ಟು ಬಂದವು ಎಂದು ಕೇಳಿದವನಿಗೆ ಪೇಡೆ ಸಿಗಲಿಲ್ಲ.

ಆ ದಿನಗಳಲ್ಲೇ ನಾನು ಧೈರ್ಯ ಮಾಡಿ ಸಂಡಾಸದ ಮಾತು ತೆಗೆದೆ. "ಅತ್ತ್ಯಾರ ಮೊಣಕಾಲು ಭಾಳ ನೋಯ್ತಾವ್ರಿ ಮಾವಾರ. ಹಿತ್ತಲದಾಗ ಒಂದು..." ಎಂದು ಶುರು ಮಾಡುವಷ್ಟರಲ್ಲಿ ಮಾವ ರೇಡಿಯೋ ಸಣ್ಣಗೆ ಮಾಡಿದರು. ಅದು ಗಂಭೀರ ಸೂಚನೆ.

"ಮನ್ಯಾಗ ದೇವರ ಜಗುಲಿ ಐತೆವಾ. ಅದರ ಬೆನ್ನಿಗೆ ಸಂಡಾಸ ಅಂದ್ರ ಹ್ಯಾಂಗ? ಬಯಲಕಡೆ ಹೋದ್ರ ಗಾಳಿ ಬೆಳಕು ಇರ್ತೈತಿ, ನಾಕು ಹೆಜ್ಜಿ ನಡದಂಗ ಆಗ್ತೈತಿ. ಆರೋಗ್ಯಕ್ಕ ಚಲೋ."

ಬೆಳಕು ಇರುವಾಗ ನಮಗೆ ಹೋಗಲು ಬರುವುದಿಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಮಾವ ರೇಡಿಯೋ ದೊಡ್ಡದು ಮಾಡಿದರು.

ನಮ್ಮ ಮನೆಯವರು ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸುತ್ತಿದ್ದ ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಯಂತ್ರದ ಗೇರು ಜೋಡಿಸಲು ಚೀನಾದಿಂದ ಒಬ್ಬ ಮೆಕ್ಯಾನಿಕ್ ಬಂದಿದ್ದ. ಅವನ ಹೆಸರು ಝಾಂಗ್ ಎಂದೋ ಜಾಂಗ್ ಎಂದೋ ಇತ್ತು. ಅದನ್ನು ಹೇಳುವಾಗ ನಾಲಿಗೆ ಎಲ್ಲಿ ಇಡಬೇಕೆಂದು ಯಾರಿಗೂ ತಿಳಿಯದೆ ಗುಡ್ಡದ ಕೂಲಿಗಳು ಅವನನ್ನು ಚಿನ್ನಪ್ಪ ಎಂದು ಕರೆದರು. ಅವನೂ ಓಗೊಟ್ಟ. ಈ ಚಿನ್ನಪ್ಪ ಲಾಡ್ಜಿನ ಅನ್ನ ಉಂಡು ಉಂಡು ಬೇಸತ್ತಿದ್ದಾನೆ ಎಂದು ನಮ್ಮ ಮನೆಯವರು ಒಂದು ಸಂಜೆ ಹೇಳಿದರು. ಮಾವನ ಕಣ್ಣು ಹೊಳೆದವು.

"ಎಳ್ಳ ಅಮಾಸಿಗೆ ಕರಕೊಂಡು ಬಾ. ಹಿಂದಿನ ದಿನಾನೇ ಬರ್ಲಿ, ರಾತ್ರಿ ಇಲ್ಲೇ ಮಕ್ಕೊಳ್ಲಿ, ಮುಂಜಾನೆ ಹೊಲಕ್ಕ ಹೋಗೂಣು. ಭಾರತ ಅಂದ್ರ ಏನು ಅಂತ ನೋಡ್ಲಿ ಅಂವಾ."

"ಆತಪಾ," ಅಂದರು ನಮ್ಮ ಮನೆಯವರು. ಎರಡು ತುತ್ತು ಉಂಡು, ಸಹಜವಾಗಿ ಕೇಳಿದರು, "ಮುಂಜಾನೆ ಅಂವಾ ಎಲ್ಲಿಗೆ ಹೋಗಬೇಕು?"

ಮಾವನ ರೊಟ್ಟಿಯ ಚೂರು ಪುಂಡಿಪಲ್ಲೆಯಲ್ಲೇ ನಿಂತಿತು. ಅವರ ಕಣ್ಣ ಮುಂದೆ ಏನು ಬಂದಿತೆಂದು ನಾನು ಊಹಿಸಬಲ್ಲೆ. ಚೀನಾದ ಪ್ರಜೆಯೊಬ್ಬ, ಕೈಯಲ್ಲಿ ನಮ್ಮ ಮನೆಯ ಚರಿಗೆ ಹಿಡಿದು, ಮುಶಿಗೇರಿಯ ಹಳ್ಳದ ದಂಡೆಯಲ್ಲಿ ಕೂತು ಭಾರತದ ಪ್ರಗತಿಯನ್ನು ಅವಲೋಕಿಸುತ್ತಿದ್ದಾನೆ.

ಮರುದಿನ ಹೊತ್ತು ಮೂಡುವಷ್ಟರಲ್ಲಿ ಗೌಂಡಿ ಹುಸೇನಸಾಬ ನಮ್ಮ ಹಿತ್ತಲಿನಲ್ಲಿ ಹಗ್ಗ ಹಿಡಿದು ಅಳೆಯುತ್ತಿದ್ದ. ಎಂಟು ದಿನದಲ್ಲಿ ಮುಗಿಯಬೇಕು ಎಂದು ಮಾವನ ಹುಕುಂ. ದೇವರ ಜಗುಲಿಯ ಪ್ರಶ್ನೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ಜಗುಲಿ ಎಲ್ಲಿತ್ತೋ ಅಲ್ಲೇ ಇತ್ತು.

ನೀಲವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಹಿತ್ತಲಿನಿಂದ ಹಾರೆಯ ಸಪ್ಪಳ ಬಂದಾಗ ಒಂದು ಗಳಿಗೆ ಕೈ ನಿಲ್ಲಿಸಿದರು. ಮತ್ತೆ ಬಡಿಯುತ್ತ, ರೊಟ್ಟಿಗೆ ಹೇಳುವಂತೆ ಹೇಳಿದರು, "ಈ ಮನಿಗೆ ಬಂದು ಮೂವತ್ತೈದು ವರ್ಷ ಆತು. ನಾ ಎಲ್ಲೋ ತಪ್ಪಿ ಅಬ್ಬಿಗೇರ್ಯಾಗ ಹುಟ್ಟಿದೆ. ಚೀನಾದಾಗ ಹುಟ್ಟಬೇಕಾಗಿತ್ತು."

ಮೂರನೆಯ ದಿನ ಹುಸೇನಸಾಬ ಒಂದು ತೊಡಕಿನ ಪ್ರಶ್ನೆ ತಂದ. "ಮಾಸ್ತರ್ರ, ಕೂಡೂದು ಇಂಡಿಯನ್ ಕೂಡಿಸಬೇಕೋ, ವೆಸ್ಟರ್ನೋ?"

ಮಾವ ಯೋಚನೆಗೆ ಬಿದ್ದರು. ಆಯುಷ್ಯವಿಡೀ ಅಲಿಪ್ತ ನೀತಿಯನ್ನು ಬೋಧಿಸಿದ ಮನುಷ್ಯ. ಕೊನೆಗೆ ನನ್ನ ಕಡೆ ತಿರುಗಿ, "ನೀ ಇಂಗ್ಲಿಷ್ ಓದಿದಾಕಿ. ಚೀನಾದವರು ಯಾವ ಥರದ್ದರ ಮ್ಯಾಲೆ ಕುಂದರ್ತಾರವಾ?" ಅಂದರು.

ಬಿ.ಎ. ಮೂರು ವರ್ಷದಲ್ಲಿ ಈ ವಿಷಯ ಯಾವ ಪೇಪರಿನಲ್ಲೂ ಬಂದಿರಲಿಲ್ಲ. ಆದರೆ ಬಾಗಿಲ ಹಿಂದೆ ನೀಲವ್ವ ಗೋಡೆ ಹಿಡಿದು ನಿಂತಿದ್ದರು. ಮೊಣಕಾಲಿಗೆ ಎಕ್ಕೆ ಎಲೆ ಕಟ್ಟಿಕೊಂಡಿದ್ದರು. ನಾನು ಯಾವ ಅಳುಕೂ ಇಲ್ಲದೆ ಹೇಳಿದೆ, "ಅವರಿಗೆ ಮೊಣಕಾಲು ಬಗ್ಗೂದಿಲ್ರಿ ಮಾವಾರ. ಅಲ್ಲಿ ಎಲ್ಲಾ ಕುರ್ಚಿ ಹಂಗಿಂದ ಇರ್ತೈತಿ."

ಮಾವ ತಾವೇ ಗದಗಿಗೆ ಹೋಗಿ ಬಿಳಿ ಕಮೋಡು ತಂದರು. ಬಸ್ಸಿನಲ್ಲಿ ಅದಕ್ಕೊಂದು ಸೀಟು ಹಿಡಿದು, ತಾವು ನಿಂತುಕೊಂಡು ಬಂದರಂತೆ. ಎಂಟನೆಯ ದಿನ ಗೋಡೆಗೆ ಸುಣ್ಣ ಬಳಿದು, ಬಾಗಿಲಿಗೆ ಹಸಿರು ಬಣ್ಣ ಹಚ್ಚಿ ಆಯಿತು. ಹೊಸದಾಗಿ ಕಟ್ಟಿದ್ದು ಏನೇ ಆಗಲಿ ಪೂಜೆಯಾಗದೆ ಬಳಸಬಾರದು ಎಂದು ಮಾವ, ಬಾಗಿಲಿಗೆ ಮಾವಿನ ತೋರಣ, ಚೆಂಡುಹೂವಿನ ಸರ, ಅರಿಷಿಣ ಕುಂಕುಮ ಎಲ್ಲ ಏರಿಸಿ ಕಾಯಿ ಒಡೆದರು. ಹುಸೇನಸಾಬ ಕೈ ಕಟ್ಟಿಕೊಂಡು ನೋಡುತ್ತಿದ್ದವನು, "ನಲವತ್ತು ವರ್ಷ ಗೌಂಡಿಕೆಲಸ ಮಾಡೇನ್ರಿ. ಇಂಥಾದ್ದಕ್ಕ ಕಾಯಿ ಒಡದದ್ದು ಇದ ಮೊದಲ" ಅಂದ. ಕೊಬ್ಬರಿ ಚೂರು ಮಾತ್ರ ಬಿಡದೆ ಇಸಿದುಕೊಂಡ. ಬಾಗಿಲಿಗೆ ಕೀಲಿ ಬಿತ್ತು. ಅತಿಥಿ ಬರುವ ಮೊದಲು ಯಾರೂ ಒಳಗೆ ಕಾಲಿಡುವಂತಿರಲಿಲ್ಲ.

ಚಿನ್ನಪ್ಪ ಬಂದ. ನಲವತ್ತರ ಸಣಕಲು ಮನುಷ್ಯ, ಎಣ್ಣೆಯ ಕಲೆ ಹೋಗದ ಬೆರಳುಗಳು. ಮೂರು ರೊಟ್ಟಿ ಉಂಡ, ಕೆಂಪು ಮೆಣಸಿನಕಾಯಿಯ ಹಿಂಡಿ ತಿಂದು ಕಣ್ಣೊರೆಸಿಕೊಂಡು ಮತ್ತೆ ಕೇಳಿ ಹಾಕಿಸಿಕೊಂಡ. ಮಾವ ಅವನಿಗೆ ನಕಾಶೆ ತೋರಿಸಿ ಹಿಮಾಲಯದ ಗಡಿಯ ವಿಷಯ ಎತ್ತಿದರು. ನಾನು ಅದನ್ನು "ನೀವು ಊಟ ಚೆನ್ನಾಗಿ ಮಾಡಿದಿರಾ ಎಂದು ಕೇಳುತ್ತಿದ್ದಾರೆ" ಎಂದು ಅನುವಾದಿಸಿದೆ. ಅವನು ಖುಷಿಯಿಂದ ತಲೆಯಾಡಿಸಿದ. ಗಡಿ ವಿವಾದ ಇಷ್ಟು ಸುಲಭವಾಗಿ ಬಗೆಹರಿದದ್ದು ಕಂಡು ಮಾವನಿಗೆ ಆಶ್ಚರ್ಯವಾಯಿತು.

ಮುಂಜಾನೆ ಮಾವ ಮಡಿ ಉಟ್ಟು, ಕೀಲಿ ತೆಗೆದು, ಹಿತ್ತಲ ಬಾಗಿಲಲ್ಲಿ ಅತಿಥಿಗಾಗಿ ಕಾದು ನಿಂತರು. ನಾನು ಅಡುಗೆಮನೆಯ ಕಿಂಡಿಯಿಂದ ನೋಡುತ್ತಿದ್ದೆ. ಚಿನ್ನಪ್ಪ ಬಂದ. ಹೂವಿನ ಸರ ನೋಡಿದ, ಕುಂಕುಮ ನೋಡಿದ, ಒಡೆದ ಕಾಯಿಯ ಹೋಳುಗಳನ್ನು ನೋಡಿದ. ಚಪ್ಪಲಿ ಬಿಟ್ಟು, ಎರಡೂ ಕೈ ಜೋಡಿಸಿ, ಆ ಬಾಗಿಲಿಗೆ ತಲೆ ಬಾಗಿಸಿ ನಮಸ್ಕಾರ ಮಾಡಿದ. ಆಮೇಲೆ ಮಾವನಿಗೂ ಒಂದು ನಮಸ್ಕಾರ ಹಾಕಿ, ಮೂಲೆಯಲ್ಲಿದ್ದ ಚರಿಗೆ ಎತ್ತಿಕೊಂಡು, ಬೀದಿಯಲ್ಲಿ ಹೊರಟಿದ್ದ ಗಂಡಸರ ಜೊತೆ ಹಳ್ಳದ ಕಡೆ ನಡೆದುಬಿಟ್ಟ.

ಮಾವ "ಮಿಸ್ಟರ್, ಮಿಸ್ಟರ್" ಎನ್ನುತ್ತ ಊರ ಅಗಸಿಯ ಬಾಗಿಲ ತನಕ ಓಡಿದರು. ಕೂಗಿ ಏನು ಹೇಳಬೇಕೆಂದು ತಿಳಿಯದೆ ಅಲ್ಲೇ ನಿಂತರು. ಎದುರು ಬಂದ ಗೆಳೆಯರೊಬ್ಬರು, "ನಿಮ್ಮ ಮನಿಗೆ ಬಂದ ಚೀನಾದ ಬೀಗರು ಭಾಳ ಸಾದಾ ಮನಷ್ಯಾರ ಅದಾರ್ರೀ ಮಾಸ್ತರ" ಎಂದು ಹೊಗಳಿದರು.

ಅಂದು ಹೊಲದಲ್ಲಿ ಪೂಜೆ ಮಾಡಿ, ಎಡೆಯ ಅಡುಗೆಯನ್ನು ಪೈರಿಗೆ ಚರಗ ಎಂದು ಚೆಲ್ಲಿ, ಜೋಳದ ನಡುವೆ ಊಟಕ್ಕೆ ಕೂತೆವು. ಚಿನ್ನಪ್ಪ ಕುಕ್ಕರಗಾಲಿನಲ್ಲಿ ಕೂತು, ಅಲುಗಾಡದೆ, ಸಾವಕಾಶ ಒಂದು ತಾಸು ಉಂಡ. ನಮ್ಮಲ್ಲಿ ಯಾರಿಗೂ ಅಷ್ಟು ಹೊತ್ತು ಹಾಗೆ ಕೂಡಲು ಬರುತ್ತಿರಲಿಲ್ಲ. ಮಾವ ಅವನ ಮೊಣಕಾಲು ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಅವನ ಮೊಣಕಾಲು ನೋಡಿದರು.

"ಬಗ್ಗೂದಿಲ್ಲ ಅಂದಿದ್ದೆಲ್ಲವಾ?"

ನಾನು ಚಟ್ನಿಯಲ್ಲಿ ಉಪ್ಪು ಕಡಿಮೆಯಾಗಿದೆಯೇನೋ ಎಂದು ಪರೀಕ್ಷಿಸತೊಡಗಿದೆ.

ಮುಂಜಾನೆಯ ಸಂಗತಿಯನ್ನು ನಮ್ಮ ಮನೆಯವರು ನಗುತ್ತ ಚಿನ್ನಪ್ಪನಿಗೆ ತಿಳಿಸಿದರು, ಅದು ಗುಡಿಯಲ್ಲ, ನಿನಗೆಂದೇ ಕಟ್ಟಿಸಿದ್ದು ಎಂದು. ಅವನು ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಬೇರೆ ಬೇರೆ ದಾರಿಯಿಂದ ಬಂದವು, ಆದರೂ ಅವನು ಹೇಳಿದ್ದು ನನಗೆ ತಿಳಿಯಿತು. ಅವನದೂ ಗುಡ್ಡದ ಮೇಲಿನ ಸಣ್ಣ ಹಳ್ಳಿ. ಹಂದಿಗೂಡಿನ ಹಿಂದೆ ಒಂದು ಗುಂಡಿ, ಎರಡು ಹಲಗೆ. ಅವನ ತಾಯಿ ಮುದುಕಿ, ಹಿಮ ಬೀಳುವಾಗಲೂ ಬ್ಯಾಟರಿ ಹಿಡಿದು ಅಲ್ಲಿಗೇ ಹೋಗಬೇಕು. ಪ್ರತಿ ವರ್ಷ ರಜೆಗೆ ಹೋದಾಗ ಮುಂದಿನ ವರ್ಷ ಒಳಗೇ ಕಟ್ಟಿಸುತ್ತೇನೆ ಎಂದು ಹೇಳಿ ಬರುತ್ತಾನೆ. ಬೇರೆ ಬೇರೆ ದೇಶಗಳಲ್ಲಿ ಯಂತ್ರ ನಿಲ್ಲಿಸಿದ್ದಾನೆ, ಅದೊಂದು ಇನ್ನೂ ಆಗಿಲ್ಲ.

ನಾನು ಇದನ್ನೆಲ್ಲ ಕನ್ನಡದಲ್ಲಿ ಹೇಳಿ ಮುಗಿಸಿದಾಗ ನೀಲವ್ವ ಹೋಳಿಗೆ ಬಡಿಸುತ್ತಿದ್ದರು. "ಅವಂಗ ಹೇಳು," ಅಂದರು. "ಮುಂದಿನ ವರ್ಷ ಅಂದ್ರ ಇಲ್ಲ ಅಂತ ಅರ್ಥ, ನಿಮ್ಮವ್ವಗ ಅದು ತಿಳದೈತಿ ಅಂತ ಹೇಳು."

ಅದನ್ನು ಮಾತ್ರ ನಾನು ತಿರುಚದೆ ಹೇಳಿದೆ. ಅವನು ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತ ಕೂತ. ಹೋಗುವಾಗ ನೀಲವ್ವನ ಕಾಲು ಮುಟ್ಟಿದ. ಅದನ್ನು ಅವನಿಗೆ ಯಾರು ಕಲಿಸಿದರೋ ಗೊತ್ತಿಲ್ಲ.

ಮಾವನಿಗೆ ದುಃಖವಾಗಬೇಕಿತ್ತು. ಖುಷಿಯಾಯಿತು. ಸಂಜೆ ಕಟ್ಟೆಯ ಮೇಲೆ, "ಚೀನಾ ಚೀನಾ ಅಂತ ಕುಣೀತಿದ್ರಿ. ಅಲ್ಲೂ ಇಲ್ಲ. ಅವನ ತಾಯಿನ ಗುಂಡಿಗೆ ಹೋಗ್ತಾಳಂತ. ನಮ್ಮ ಮನ್ಯಾಗ ಕಮೋಡು ಐತಿ" ಎಂದು ಸಾರಿದರು. ಒಳಗೆ ದೀಪ ಹಚ್ಚುತ್ತಿದ್ದ ನೀಲವ್ವ, "ಆಕಿಗೆ ಇಲ್ಲ ಅಂದ್ರ ನನಗ ಐತಿ ಅಂದಂಗ ಆತೇನು?" ಅಂದರು. ಯಾಕೆಂದರೆ ಹಸಿರು ಬಾಗಿಲಿಗೆ ಮತ್ತೆ ಕೀಲಿ ಬಿದ್ದಿತ್ತು, ಕೀಲಿಕೈ ಮಾವನ ಉಡದಾರದಲ್ಲಿತ್ತು. ಕಂಪನಿಗೆ ಜರ್ಮನಿಯವರು ಬರುವವರಿದ್ದಾರೆ, ಅಲ್ಲಿಯ ತನಕ ಹೊಸದಾಗಿಯೇ ಇರಲಿ ಎಂದು ಅವರ ಲೆಕ್ಕ.

ನೀಲವ್ವ ಎರಡು ಸಲ ಕೀಲಿಕೈ ಕೇಳಿದರು. ಎರಡು ಸಲವೂ ಜರ್ಮನಿ ಅಡ್ಡ ಬಂತು. ನಾವು ಸಂಜೆ ಚರಿಗೆ ಹಿಡಿದು ಜಾಲಿಕಂಟಿಗಳ ಕಡೆಗೇ ಹೋಗುತ್ತಿದ್ದೆವು. ನಾನು ದಾರಿಯಲ್ಲಿ ಜರ್ಮನಿಯ ಬಗ್ಗೆ ಜೋಕು ಮಾಡುತ್ತಿದ್ದೆ. ಅವರು ನಗುತ್ತಿರಲಿಲ್ಲ.

ಚಿನ್ನಪ್ಪ ಹೋದ ಐದನೆಯ ದಿನ ಮಧ್ಯಾಹ್ನ. ಕಟ್ಟೆಯ ಮೇಲೆ ಸಭೆ ತುಂಬಿತ್ತು. ನೀಲವ್ವ ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ದೊಡ್ಡ ಹಿತ್ತಾಳೆಯ ತಂಬಿಗೆ ಹಿಡಿದು ಹೊರಗೆ ಬಂದರು. ಅಷ್ಟು ಗಂಡಸರ ಮುಂದೆ ಅವರು ಎಂದೂ ಬಂದು ನಿಂತವರಲ್ಲ. ತಂಬಿಗೆ ಎತ್ತಿ ಗಟಗಟ ಕುಡಿದರು. ನೀರು ಗದ್ದದಿಂದ ಕೊರಳಿಗೆ, ಕೊರಳಿಂದ ಕುಬುಸಕ್ಕೆ ಇಳಿಯಿತು. ನನ್ನ ಕಡೆ ಖಾಲಿ ತಂಬಿಗೆ ಚಾಚಿದರು. ನಾನು ಒಳಗೆ ಓಡಿ ತುಂಬಿಸಿಕೊಂಡು ಬಂದೆ. ಅದನ್ನೂ ಕುಡಿದರು. ಕಟ್ಟೆಯ ಮೇಲೆ ಅಮೆರಿಕಾದ ಬ್ಯಾಂಕುಗಳ ಮಾತು ಅರ್ಧಕ್ಕೆ ನಿಂತಿತು. ನಾನು ಆ ಮನೆಗೆ ಬಂದ ಎರಡು ವರ್ಷದಲ್ಲಿ ಅವರು ಹಗಲಲ್ಲಿ ಹೊಟ್ಟೆ ತುಂಬ ನೀರು ಕುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನೀಲವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ಗಂಡನನ್ನು ನೋಡಿ ಹೇಳಿದರು, "ಕುಡದೇನಿ. ಈಗ ಕೀಲಿಕೈ ಕೊಡ್ರಿ."

"ಏ, ಒಳಗ ನಡಿ. ಆಮ್ಯಾಲೆ ಮಾತಾಡೂಣು."

"ಆಮ್ಯಾಲೆ ಆಗಂಗಿಲ್ರಿ. ಎರಡು ತಂಬಿಗಿ ಕುಡದೇನಿ."

ಸಭೆಯಲ್ಲಿದ್ದವರು ತಮ್ಮ ತಮ್ಮ ಕಾಲುಬೆರಳು ನೋಡಿಕೊಂಡರು. ಮಾವ ಬೀದಿ ನೋಡಿದರು, ಆಕಾಶ ನೋಡಿದರು. ಕೊನೆಗೆ ಧೋತರದ ಗಂಟು ಸಡಿಲಿಸಿ ಉಡದಾರಕ್ಕೆ ಕೈ ಹಾಕಿದರು. ಗಂಟು ಬೇಗ ಬಿಚ್ಚಲಿಲ್ಲ. ನೀಲವ್ವ ಕಾದು ನಿಂತರು, ಅವಸರ ಮಾಡಲಿಲ್ಲ.

ಮುಂದೆ ಆ ಕೀಲಿಯನ್ನು ಯಾರೂ ಹಾಕಲಿಲ್ಲ. ಜರ್ಮನಿಯವರೂ ಬರಲಿಲ್ಲ. ಅತ್ತೆಯ ಉರಿಮೂತ್ರ ಒಂದೆರಡು ತಿಂಗಳಲ್ಲಿ ಹೋಯಿತು. ಮಾವ ಮಾತ್ರ ಹಟ ಬಿಡದೆ ವರ್ಷಗಟ್ಟಲೆ ಬಯಲಿಗೇ ಹೋದರು. ಕೊನೆಗೆ ಪಾರ್ಶ್ವವಾಯು ಹೊಡೆದು ಬಲಗಾಲು ಎಳೆಯತೊಡಗಿದ ಮೇಲೆ, ನೀಲವ್ವನೇ ಅವರನ್ನು ತೋಳು ಹಿಡಿದು ಹಸಿರು ಬಾಗಿಲಿನೊಳಗೆ ಕೂಡಿಸಿ, ಹೊರಗೆ ನಿಂತು ಕಾಯುತ್ತಿದ್ದರು. ಒಂದು ದಿನ ಒಳಗಿನಿಂದ ಮಾವ, "ಆ ಚಿನ್ನಪ್ಪ ಬರದಿದ್ರ ನನ್ನ ಗತಿ ಏನಾಗ್ತಿತ್ತ" ಅಂದರು. ಸ್ವಲ್ಪ ಹೊತ್ತಿಗೆ ಅವರೇ, "ನಿನಗ ಮೊದಲ ಕೊಡಬೇಕಿತ್ತು" ಅಂದರು. ಅವರು ಕ್ಷಮೆ ಕೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ, ಅದೂ ಮುಚ್ಚಿದ ಬಾಗಿಲ ಹಿಂದಿನಿಂದ.

ಮಾವ ತೀರಿಕೊಂಡು ಕೆಲ ವರ್ಷಗಳಾದವು. ನಾವೀಗ ಗಜೇಂದ್ರಗಡದಲ್ಲಿದ್ದೇವೆ, ಅತ್ತೆ ನಮ್ಮ ಜೊತೆಗಿದ್ದಾರೆ. ಈ ಕಥೆಯನ್ನು ನಾನು ಎಷ್ಟೋ ಸಲ ಬಂಧುಗಳ ನಡುವೆ ಮಾವನನ್ನು ಹಾಸ್ಯ ಮಾಡಲೆಂದೇ ಹೇಳಿದ್ದೇನೆ. ಇವತ್ತು ಬರೆಯಲು ಕೂತಾಗ ಮಾತ್ರ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಡೀ ಕಥೆಯಲ್ಲಿ ನಾನು ಅತ್ತೆಯ ಮೊಣಕಾಲಿನ ಹೆಸರು ಹೇಳಿದ್ದೇನೆ, ಚೀನಾದವರ ಮೊಣಕಾಲಿನ ಹೆಸರು ಹೇಳಿದ್ದೇನೆ. ನನಗೆ ಬೇಕು ಎಂದು ಒಮ್ಮೆಯೂ ಹೇಳಿಲ್ಲ. ನಾನೂ ಅದೇ ಕಂಟಿಯ ಹಿಂದೆ ಎದ್ದು ಕೂತವಳು, ನಾನೂ ಹಗಲು ನೀರು ಕುಡಿಯುವುದನ್ನು ಬಿಟ್ಟವಳು. ನನ್ನ ಪಾಲಿನದನ್ನು ಆ ಮುದುಕಿಯೇ ಕುಡಿದು ಗಳಿಸಿಕೊಟ್ಟರು. ನಾನು ಜೋಕು ಮಾಡಿಕೊಂಡಿದ್ದೆ.

ಪೆನ್ನು ಇಟ್ಟು ಪಡಸಾಲೆಗೆ ಹೋದೆ. ಟೀವಿಯಲ್ಲಿ ನಾಲ್ಕು ಜನ ಯಾವ ದೇಶ ಯಾರಿಗಿಂತ ಮುಂದೆ ಎಂದು ಕೂಗಾಡುತ್ತಿದ್ದರು. ಅತ್ತೆ ಸಪ್ಪಳ ಬಂದ್ ಮಾಡಿ ಬರೀ ಬಾಯಿ ಆಡುವುದನ್ನು ನೋಡುತ್ತ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು, ಇಷ್ಟು ವರ್ಷ ಕೇಳದ್ದನ್ನು ಕೇಳಿದೆ.

"ಅತ್ತೀ, ಅವತ್ತು ಮಾವಾರು ಕೀಲಿಕೈ ಕೊಡದಿದ್ರ ಏನ್ ಮಾಡ್ತಿದ್ರಿ?"

ಅವರು ಒಂದು ಎಲೆ ಕಿತ್ತು ಬುಟ್ಟಿಗೆ ಹಾಕಿದರು.

"ಕಂಟಿ ತನಕ ಹೋಗ್ತಿರಲಿಲ್ಲ. ಕಟ್ಟಿ ಮ್ಯಾಲೆ ಕುಂದರ್ತಿದ್ದೆ," ಅಂದರು. "ಅವರ ನಡುವ."

ನಾನು ನಗಬೇಕೆಂದು ಅವರ ಮುಖ ನೋಡಿದೆ. ಅದರಲ್ಲಿ ನಗು ಇರಲಿಲ್ಲ.